ಹೊಲಿಗೆ ಪ್ರಶ್ನೋತ್ತರ: ಹಲ್ಲು ಇಳಿಸಿದ ಮೇಲೆ ಟಾಕಾ ನಿಮ್ಮ ಕೈಯಲ್ಲಿ

ಮನೆಯ ಹೊಲಿಗೆ ಮೆಷಿನ್‌ನಲ್ಲೇ ಕ್ವಿಲ್ಟ್ (ಪದರ ಪದರ ಸೇರಿಸಿ ಹೊಲಿದ ಹೊದಿಕೆ) ಮೇಲೆ, ಬಟ್ಟೆಯನ್ನು ಕೈಯಲ್ಲೇ ಸರಿಸುತ್ತ, ಬಳ್ಳಿ, ಸುಳಿ, ಎಲೆ ಬಿಡಿಸುವ ಫ್ರೀ ಮೋಷನ್ ಕ್ವಿಲ್ಟಿಂಗ್ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಪುಟಗಳು ಮೀಸಲು. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಮುಕ್ಕಾಲು ಪತ್ರಗಳಲ್ಲಿ ಬೈಸಿಕೊಂಡಿರುವುದು ದಾರದ ಬಿಗಿ ಏರಿಸಿ ಇಳಿಸುವ ಟೆನ್ಷನ್ ತಿರುಪು. ಪಾಪ, ಅದರ ತಪ್ಪು ಇರುವುದು ಕಡಿಮೆ.

ಪ್ರಶ್ನೆ: ನಮ್ಮ ಮನೆಯಲ್ಲಿರುವುದು ಅತ್ತೆಯ ಕಾಲದ ಕಪ್ಪು ಮೆಷಿನ್. ನೇರ ಹೊಲಿಗೆ ಮಾತ್ರ ಬರುತ್ತದೆ, ಮೋಟಾರ್ ಆಮೇಲೆ ಹಾಕಿಸಿದ್ದು. ಇದರಲ್ಲಿ ಫ್ರೀ ಮೋಷನ್ ಆಗುತ್ತದೆಯೇ? ಜಿಗ್‌ಜಾಗ್ ಮೆಷಿನ್ ಕೊಳ್ಳಲೇಬೇಕೇ? — ಹಾಸನ

ಉತ್ತರ: ಧಾರಾಳವಾಗಿ ಆಗುತ್ತದೆ. ಈ ಕೆಲಸಕ್ಕೆ ಬೇಕಾದದ್ದು ನೇರ ಹೊಲಿಗೆಯೊಂದೇ. ನಿಮ್ಮ ಮೆಷಿನ್‌ನ ಪ್ಲೇಟಿನಲ್ಲಿ ಸೂಜಿ ಇಳಿಯುವ ತೂತು ಸಣ್ಣದು, ಗುಂಡಗಿನದು. ಜಿಗ್‌ಜಾಗ್ ಮೆಷಿನ್‌ನ ಅಡ್ಡ ಸೀಳಿಗಿಂತ ಅದು ಬಟ್ಟೆಗೆ ಒಳ್ಳೆಯ ಆಸರೆ ಕೊಡುತ್ತದೆ, ಹಾಗಾಗಿ ಟಾಕಾ ಚೊಕ್ಕವಾಗಿ ಬೀಳುತ್ತದೆ.

ಮೊದಲು ಹಲ್ಲು. ಸೂಜಿಯ ಕೆಳಗೆ ಬಟ್ಟೆಯನ್ನು ಹಿಂದಕ್ಕೆ ಎಳೆಯುವ ಹಲ್ಲುಗಳು ಕೆಲಸ ನಿಲ್ಲಿಸಬೇಕು. ಕೆಲವು ಮೆಷಿನ್‌ಗಳಲ್ಲಿ ತಳದಲ್ಲಿ ಒಂದು ತಿರುಪೋ ಸಣ್ಣ ಹಿಡಿಯೋ ಇರುತ್ತದೆ, ತಿರುಗಿಸಿದರೆ ಹಲ್ಲು ಇಳಿಯುತ್ತದೆ. ಇನ್ನು ಕೆಲವಕ್ಕೆ ಹಲ್ಲನ್ನು ಮುಚ್ಚುವ ತಗಡಿನ ಮುಚ್ಚಳ ಬರುತ್ತದೆ. ಎರಡೂ ಇಲ್ಲದಿದ್ದರೆ ಟಾಕಾ ಉದ್ದವನ್ನು ಸೊನ್ನೆಗೆ ಇಡಿ. ಹಲ್ಲು ಮೇಲೆ ಕೆಳಗೆ ಆಡುತ್ತದೆ, ಆದರೆ ಎಳೆಯುವುದಿಲ್ಲ. ಕಲಿಯಲು ಅಷ್ಟು ಸಾಕು. ಹಲ್ಲು ಇಳಿಸಿದ್ದರೂ ಉದ್ದವನ್ನು ಸೊನ್ನೆಗೇ ಇಡಿ, ಒಳಗಿನ ಭಾಗಗಳು ಸುಮ್ಮನೆ ಸವೆಯುವುದು ತಪ್ಪುತ್ತದೆ.

ಎರಡನೆಯದು ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್. ಟೈಲರಿಂಗ್ ತರಗತಿಯಲ್ಲಿ ಮೆಷಿನ್ ಎಂಬ್ರಾಯ್ಡರಿ ಕಲಿತವರು ಫುಟ್ ತೆಗೆದು, ಬಟ್ಟೆಯನ್ನು ರಿಂಗಿಗೆ ಬಿಗಿದು ಹೊಲಿಯುತ್ತಾರೆ. ಮೂರು ಪದರದ ಕ್ವಿಲ್ಟ್ ರಿಂಗಿಗೆ ಬಿಗಿಯುವಂಥದ್ದಲ್ಲ. ಫುಟ್ ಇಲ್ಲದೆ ಹೊಲಿದರೆ ಸೂಜಿ ಮೇಲೇಳುವಾಗ ಬಟ್ಟೆಯೂ ಅದರ ಜೊತೆ ಎದ್ದು ಬರುತ್ತದೆ, ಕೆಳಗೆ ದಾರದ ಕುಣಿಕೆ ಹಿಡಿಯುವ ಶಟಲ್‌ಗೆ ಕುಣಿಕೆ ಸಿಗದೆ ಟಾಕಾ ತಪ್ಪುತ್ತದೆ. ಆದ್ದರಿಂದ ಸ್ಪ್ರಿಂಗ್ ಇರುವ ಡಾರ್ನಿಂಗ್ ಫುಟ್ ತನ್ನಿ. ಅಂಗಡಿಯಲ್ಲಿ ಎಂಬ್ರಾಯ್ಡರಿ ಫುಟ್ ಎಂದರೂ ಕೊಡುತ್ತಾರೆ. ಹಳೆಯ ಫುಟ್ ಒಯ್ದು ಎತ್ತರ ತಾಳೆ ನೋಡಿ. ಈ ಫುಟ್ಟಿಗೆ ಪಕ್ಕದಲ್ಲಿ ಒಂದು ಕಡ್ಡಿಯಂಥ ತೋಳಿರುತ್ತದೆ. ಅದು ಸೂಜಿ ಬಿಗಿಯುವ ತಿರುಪಿನ ಮೇಲೆ ಕೂರಬೇಕು. ಕೆಳಗೆ ಸಿಕ್ಕಿಸಿದರೆ ಫುಟ್ ಏಳುವುದೇ ಇಲ್ಲ, ಬಟ್ಟೆ ಜರುಗುವುದಿಲ್ಲ. ಫುಟ್ ಸರಿಯಿಲ್ಲವೆಂದು ಅಂಗಡಿಗೆ ಹಿಂದಿರುಗಿಸುವವರಲ್ಲಿ ಹಲವರು ಮಾಡಿರುವ ತಪ್ಪು ಇದೇ.

ಇನ್ನು ಸೂಜಿ: ಮೂರು ಪದರಕ್ಕೆ 14 ನಂಬರ್, ಹಳೆ ಸೀರೆಯ ನಾಲ್ಕೈದು ಪದರಕ್ಕೆ 16. ಚಪ್ಪಟೆ ಬದಿ ಯಾವ ಕಡೆ ಬರಬೇಕೆಂದು ನಿಮ್ಮ ಮೆಷಿನ್ ನೋಡಿ ಹಾಕಿ.

ಪ್ರಶ್ನೆ: ಒಂದು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದೇನೆ. ಟಾಕಾ ಒಂದು ಕಡೆ ಎಳ್ಳಿನಷ್ಟು, ಇನ್ನೊಂದು ಕಡೆ ಅಕ್ಕಿ ಕಾಳಿನಷ್ಟು. ಮೆಷಿನ್ ರಿಪೇರಿಗೆ ಕೊಡಲೇ? — ತುಮಕೂರು

ಉತ್ತರ: ಕೊಡಬೇಡಿ. ಹಲ್ಲು ಇಳಿಸಿದ ಮೇಲೆ ಟಾಕಾದ ಉದ್ದಕ್ಕೂ ಮೆಷಿನ್‌ಗೂ ಸಂಬಂಧ ಹರಿಯಿತು. ಸೂಜಿ ಎಷ್ಟು ಬೇಗ ಕುಟ್ಟುತ್ತದೆ, ಕೈ ಎಷ್ಟು ಬೇಗ ಸರಿಯುತ್ತದೆ ಎಂಬುದಷ್ಟೇ ಈಗಿನ ಲೆಕ್ಕ.

ಮೆಷಿನ್ ನಿಮಿಷಕ್ಕೆ 600 ಟಾಕಾ ಹಾಕುತ್ತಿದೆ ಎಂದುಕೊಳ್ಳಿ. ಸೆಕೆಂಡಿಗೆ 10. ನಿಮಗೆ ಬೇಕಾದ ಟಾಕಾ ಎರಡೂವರೆ ಮಿಲಿಮೀಟರ್ ಆದರೆ ಕೈ ಸೆಕೆಂಡಿಗೆ ಎರಡೂವರೆ ಸೆಂಟಿಮೀಟರ್, ಅಂದರೆ ಸುಮಾರು ಒಂದಿಂಚು ಸರಿಯಬೇಕು. ತಿರುವು ಬಂತೆಂದು ಹೆದರಿ ಕೈ ಅರ್ಧ ವೇಗಕ್ಕಿಳಿದರೆ ಟಾಕಾ ಒಂದೂಕಾಲು ಮಿಲಿಮೀಟರ್ ಆಯಿತು, ಅದೇ ನಿಮ್ಮ ಎಳ್ಳು. ತಿರುವು ದಾಟಿದ ಧೈರ್ಯದಲ್ಲಿ ಕೈ ಇಮ್ಮಡಿ ಓಡಿದರೆ ಐದು ಮಿಲಿಮೀಟರ್, ಅದು ಅಕ್ಕಿ. ಕಾಲು ಒಂದೇ ಸಮ ಒತ್ತಿದ್ದರೂ ಹೀಗಾಗುತ್ತದೆ. ಕೈ ನಿಧಾನವಾದಾಗಲೆಲ್ಲ ಕಾಲೂ ಹೆದರಿ ಪೆಡಲ್ ಬಿಟ್ಟರೆ ಎರಡೂ ತಾಳ ತಪ್ಪುತ್ತವೆ.

ಆದ್ದರಿಂದ ಮೊದಲು ಕಾಲನ್ನು ಕಟ್ಟಿಹಾಕಿ. ಮೆಷಿನ್‌ನಲ್ಲಿ ವೇಗದ ಮಿತಿ ಇಡುವ ಗುಂಡಿ ಇದ್ದರೆ ಅರ್ಧಕ್ಕೆ ಇಡಿ. ಇಲ್ಲದಿದ್ದರೆ ಪೆಡಲ್ ಕೆಳಗೆ ಮಡಿಸಿದ ಬಟ್ಟೆಯ ತುಂಡೊಂದನ್ನು ತುರುಕಿ, ಅದು ಪೂರ್ತಿ ಅದುಮದಂತೆ ಮಾಡಿ. ಮೆಷಿನ್‌ನ ಸದ್ದು ತಂಬೂರಿ ಶ್ರುತಿಯಂತೆ ಒಂದೇ ಸಮ ಇರಲಿ, ಕೈಯನ್ನು ಅದಕ್ಕೆ ಹೊಂದಿಸಿ. ತೀರಾ ನಿಧಾನವಾಗಿಯೂ ಓಡಿಸಬೇಡಿ. ನಿಧಾನ ಮೆಷಿನ್‌ನಲ್ಲಿ ವಕ್ರರೇಖೆಗಳೆಲ್ಲ ಮೂಲೆ ಮೂಲೆಯಾಗಿ ಬರುತ್ತವೆ.

ಅಭ್ಯಾಸದ ಬಟ್ಟೆ 35 ಸೆಂಟಿಮೀಟರ್ ಚೌಕ ಇರಲಿ: ಎರಡು ಕಾಟನ್ ತುಂಡು, ನಡುವೆ ವ್ಯಾಡಿಂಗ್ (ಒಳಗೆ ಹಾಕುವ ಮೆತ್ತನೆಯ ಪದರ). ಒಂಟಿ ಬಟ್ಟೆಯ ಮೇಲೆ ಕಲಿಯಲು ಹೋಗಬೇಡಿ, ಅದು ಸುರುಟಿಕೊಂಡು ಇಲ್ಲದ ತೊಂದರೆ ತೋರಿಸುತ್ತದೆ. ಮೆಷಿನ್‌ಗೆ ಕೂರುವ ಮೊದಲು ಅದೇ ವಿನ್ಯಾಸವನ್ನು ಪೆನ್ಸಿಲ್ ಎತ್ತದೆ ಕಾಗದದ ಮೇಲೆ ಒಂದು ಪುಟ ತುಂಬಿಸಿ. ಮುಂದೆಲ್ಲಿಗೆ ಹೋಗಬೇಕೆಂದು ಕೈಗೆ ಗೊತ್ತಿದ್ದರೆ ಅರ್ಧದಲ್ಲಿ ತಡವರಿಸುವುದಿಲ್ಲ. ನಮ್ಮ ಕಡೆಯ ಕೈಗೆ ಒಗ್ಗಿದ ಪಾಠವೆಂದರೆ ಅಕ್ಷರ. ‘ಠ’, ‘ರ’, ‘ಲ’ ಇವನ್ನು ಒಂದಕ್ಕೊಂದು ಕೂಡಿಸಿ ಸಾಲಾಗಿ ಬರೆಯುತ್ತ ಹೋಗಿ. ಬಟ್ಟೆಯನ್ನು ತಿರುಗಿಸಬಾರದು. ಎಡ, ಬಲ, ಹಿಂದೆ, ಮುಂದೆ ಸರಿಸುವುದು ಮಾತ್ರ.

ಕಣ್ಣು ಸೂಜಿಯ ಮೇಲೆ ಬೇಡ, ಅದು ಹೋಗಬೇಕಾದ ಜಾಗದ ಮೇಲೆ, ಒಂದೂವರೆ ಇಂಚು ಮುಂದೆ ಇರಲಿ. ಬೆರಳು ಜಾರಿದರೆ ನೋಟು ಎಣಿಸುವವರ ರಬ್ಬರ್ ಟೊಪ್ಪಿಗೆಗಳನ್ನು ಎರಡೂ ಕೈಯ ಎರಡೆರಡು ಬೆರಳಿಗೆ ಹಾಕಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತವೆ, ದುಬಾರಿ ಕೈಗವಸಿನ ಕೆಲಸವನ್ನೇ ಮಾಡುತ್ತವೆ.

ಪ್ರಶ್ನೆ: ಮೇಲೆ ನೋಡಲು ಚೆನ್ನಾಗಿದೆ, ತಿರುಗಿಸಿದರೆ ಕೆಳಗೆ ದಾರ ಸಿಕ್ಕುಸಿಕ್ಕು. ಟೆನ್ಷನ್ 1ರಿಂದ 9ರವರೆಗೆ ಎಲ್ಲ ಇಟ್ಟು ನೋಡಿದೆ. — ಶಿವಮೊಗ್ಗ. (ಇದೇ ದೂರು ಗದಗ ಮತ್ತು ಪುಣೆಯಿಂದಲೂ ಬಂದಿದೆ.)

ಉತ್ತರ: ಕೆಳಗೆ ಸಿಕ್ಕಾದರೆ ಕೆಳದಾರ ಸುತ್ತಿದ ಬಾಬಿನ್ನನ್ನು ಬೈಯುವುದು ರೂಢಿ. ಆದರೆ ಕೆಳಗಿನ ಸಿಕ್ಕಿಗೆ ಕಾರಣ ಸಾಮಾನ್ಯವಾಗಿ ಮೇಲುದಾರ. ಸಿಕ್ಕು ಎಂಥದು ಎಂಬುದನ್ನು ನೋಡಿ.

ದಾರ ರಾಶಿ ರಾಶಿಯಾಗಿ, ತಲೆಕೂದಲು ಗಂಟಾದಂತೆ ಬಿದ್ದಿದ್ದರೆ ಮೇಲುದಾರಕ್ಕೆ ಬಿಗಿಯೇ ಸಿಕ್ಕಿಲ್ಲ. ಮೊದಲ ಗುಮಾನಿ ಫುಟ್ ಇಳಿಸುವ ಹಿಡಿಯ ಮೇಲೆ. ಡಾರ್ನಿಂಗ್ ಫುಟ್ ಇಳಿಸಿದರೂ ಬಟ್ಟೆಯನ್ನು ಒತ್ತಿ ಹಿಡಿಯುವುದಿಲ್ಲವಾದ್ದರಿಂದ, ಇಳಿಸಿದ್ದೇವೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ಹಿಡಿ ಮೇಲಿದ್ದರೆ ಟೆನ್ಷನ್ ಬಿಲ್ಲೆಗಳು ಬಾಯಿ ತೆರೆದಿರುತ್ತವೆ, ತಿರುಪನ್ನು ಒಂಬತ್ತಕ್ಕಿಟ್ಟರೂ ಅಷ್ಟೆ. ಎರಡನೆಯ ಗುಮಾನಿ ದಾರ ಪೋಣಿಸಿದ ರೀತಿ. ಫುಟ್ ಇಳಿಸಿಟ್ಟು ಪೋಣಿಸಿದರೆ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಒಳಗೆ ಹೋಗದೆ ಅಂಚಿನ ಮೇಲೆ ಕೂರುತ್ತದೆ. ಪೂರ್ತಿ ಕಿತ್ತು, ಫುಟ್ ಎತ್ತಿ, ಹೊಸದಾಗಿ ಪೋಣಿಸಿ. ಆಮೇಲೆ ಫುಟ್ ಇಳಿಸಿ, ಸೂಜಿಯ ಹತ್ತಿರ ದಾರ ಎಳೆದು ನೋಡಿ. ಸೂಜಿ ಸ್ವಲ್ಪ ಬಾಗುವಷ್ಟು ಬಿಗಿ ಕೈಗೆ ತಿಳಿಯಬೇಕು. ಸಲೀಸಾಗಿ ಬಂದರೆ ದಾರ ಇನ್ನೂ ಒಳಗೆ ಹೋಗಿಲ್ಲ.

ನೇರ ಗೆರೆ ಚೆನ್ನಾಗಿದ್ದು, ತಿರುವುಗಳಲ್ಲಿ ಮಾತ್ರ ಸಣ್ಣ ಕುಣಿಕೆಗಳು ಬಾಚಣಿಗೆ ಹಲ್ಲಿನಂತೆ ಸಾಲುಗಟ್ಟಿದ್ದರೆ ಕಾರಣ ನಿಮ್ಮ ಕೈ. ತಿರುವಿನಲ್ಲಿ ಬಟ್ಟೆಯನ್ನು ಝಾಡಿಸಿ ಎಳೆದಾಗ ಕೆಳದಾರ ವಕ್ರವನ್ನು ಸುತ್ತಿ ಬರದೆ ಅಡ್ಡದಾರಿ ಹಿಡಿಯುತ್ತದೆ. ಅದನ್ನು ಮುಟ್ಟಲು ಮೇಲುದಾರ ಕೆಳಗಿಳಿದು ಚಾಚಿಕೊಳ್ಳುತ್ತದೆ. ತಿರುವಿನಲ್ಲಿ ಕೈ ನಿಧಾನ ಮಾಡಿ, ಮೇಲಿನ ಟೆನ್ಷನ್ ಅರ್ಧ ಅಂಕಿ ಬಿಗಿ ಮಾಡಿ. ಈ ಕ್ರಮದಲ್ಲೇ ಮಾಡಿ. ಮೊದಲೇ ತಿರುಪಿಗೆ ಕೈ ಹಾಕಿದರೆ ತಿರುವು ಸರಿಹೋಗಿ ನೇರ ಗೆರೆ ಕೆಡುತ್ತದೆ.

ಇಷ್ಟಾದರೂ ಸರಿಯಾಗದಿದ್ದರೆ ತಿರುಪಿನ ಸರದಿ. ಒಂದೇ ಜಾತಿಯ ದಾರದಲ್ಲಿ ಮೇಲೆ ಕೆಂಪು, ಕೆಳಗೆ ನೀಲಿ ಹಾಕಿ ಮಾದರಿ ಹೊಲಿಯಿರಿ. ಮೇಲೆ ನೀಲಿ ಚುಕ್ಕಿ ಕಂಡರೆ ಮೇಲಿನ ಟೆನ್ಷನ್ ಹೆಚ್ಚಾಯಿತು, ಇಳಿಸಿ. ಕೆಳಗೆ ಕೆಂಪು ಚುಕ್ಕಿ ಕಂಡರೆ ಏರಿಸಿ. ಸಲಕ್ಕೆ ಅರ್ಧ ಅಂಕಿ, ಅದಕ್ಕಿಂತ ಹೆಚ್ಚು ಬೇಡ. ಬಾಬಿನ್ ಕೇಸ್ ಕೈಗೆ ಬರುವ ಲೋಹದ್ದಾದರೆ ಅದನ್ನೂ ಪರೀಕ್ಷಿಸಿ: ದಾರದ ತುದಿ ಹಿಡಿದು ಕೇಸನ್ನು ಗಾಳಿಯಲ್ಲಿ ಇಳಿಬಿಡಿ. ತಾನಾಗಿ ಜಾರಿ ಬಿದ್ದರೆ ಸಡಿಲ. ಕೈಯನ್ನು ಒಮ್ಮೆ ಮೆಲ್ಲಗೆ ಜಗ್ಗಿದಾಗ ಒಂದಿಂಚು ಇಳಿದು ನಿಂತರೆ ಸರಿ. ಜಗ್ಗಿದರೂ ಅಲ್ಲಾಡದಿದ್ದರೆ ಬಿಗಿ. ಪಕ್ಕದ ಸಣ್ಣ ಸ್ಕ್ರೂವನ್ನು ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವಷ್ಟೇ ತಿರುಗಿಸಿ. ಕೆಳಗೊಂದು ತಟ್ಟೆ ಇಟ್ಟುಕೊಂಡು ಮಾಡಿ, ಆ ಸ್ಕ್ರೂ ನೆಲಕ್ಕೆ ಬಿದ್ದರೆ ಮತ್ತೆ ಸಿಗುವುದಿಲ್ಲ.

ನಿಜವಾದ ಕೆಲಸದಲ್ಲಿ ಮೇಲೆ ಕೆಳಗೆ ಒಂದೇ ಬಣ್ಣದ ದಾರ ಹಾಕಿ. ಸಣ್ಣಪುಟ್ಟ ಏರುಪೇರು ಯಾರಿಗೂ ಕಾಣುವುದಿಲ್ಲ.

ಶುರುವಿನ ಕ್ರಮವನ್ನೂ ಹೇಳಿಬಿಡುತ್ತೇವೆ, ಅರ್ಧ ಸಿಕ್ಕು ಅಲ್ಲೇ ಹುಟ್ಟುವುದರಿಂದ. ಮೇಲುದಾರದ ತುದಿ ಹಿಡಿದುಕೊಂಡು ಚಕ್ರವನ್ನು ನಿಮ್ಮ ಕಡೆಗೆ ಒಂದು ಸುತ್ತು ತಿರುಗಿಸಿ. ಕೆಳದಾರದ ಕುಣಿಕೆ ಮೇಲೆ ಬರುತ್ತದೆ, ಎಳೆದು ಎರಡೂ ತುದಿಗಳನ್ನು ಬೆರಳಲ್ಲಿ ಹಿಡಿಯಿರಿ. ಅದೇ ಜಾಗದಲ್ಲಿ ನಾಲ್ಕೈದು ಪುಟ್ಟ ಟಾಕಾ ಹಾಕಿ ಮುಂದೆ ಹೋಗಿ. ಒಂದಿಂಚು ಹೋದ ಮೇಲೆ ತುದಿಗಳನ್ನು ಕತ್ತರಿಸಿ. ಮುಗಿಸುವಾಗಲೂ ಹೀಗೆಯೇ ಪುಟ್ಟ ಟಾಕಾಗಳಿಂದ ಮುಗಿಸಿ.

ಪ್ರಶ್ನೆ: ಒಂದು ಗಂಟೆಯಲ್ಲಿ ಮೂರು ಸೂಜಿ ಮುರಿದವು. — ಮಂಗಳೂರು

ಉತ್ತರ: ಸೂಜಿ ಬಟ್ಟೆಯೊಳಗಿರುವಾಗ ನೀವು ಎಳೆಯುತ್ತಿದ್ದೀರಿ. ಅದು ಬಾಗಿ ಪ್ಲೇಟಿಗೆ ಬಡಿಯುತ್ತದೆ. ಮೆಷಿನ್ ಓಡಲು ಶುರುವಾದ ಮೇಲೆ ಕೈ ಸರಿಯಲಿ, ಕೈ ನಿಂತ ಮೇಲೆ ಮೆಷಿನ್ ನಿಲ್ಲಲಿ. ಕ್ವಿಲ್ಟ್‌ನ ಭಾರ ಮೇಜಿನಿಂದ ಕೆಳಗೆ ಜೋತು ಎಳೆಯುತ್ತಿದ್ದರೂ ಹೀಗಾಗುತ್ತದೆ. ಎಡಕ್ಕೂ ಹಿಂದಕ್ಕೂ ಒಂದೊಂದು ಸ್ಟೂಲೋ ಮೇಜೋ ಇಟ್ಟು ಭಾರ ಹೊರಿಸಿ. ಮುರಿದ ಸೂಜಿಯ ಎರಡೂ ತುಂಡು ಸಿಗುವ ತನಕ ಏಳಬೇಡಿ. ಪ್ಲೇಟಿನ ತೂತಿನ ಅಂಚಿನ ಮೇಲೆ ಬೆರಳಾಡಿಸಿ. ಏಟು ಬಿದ್ದು ತರಚಾಗಿದ್ದರೆ ಇನ್ನು ಮುಂದೆ ಅಲ್ಲಿ ದಾರ ಹರಿಯುತ್ತದೆ. ನಯವಾದ ಎಮರಿ ಪೇಪರನ್ನು ಸುರುಳಿ ಮಾಡಿ ತೂತಿನಲ್ಲಿ ಆಡಿಸಿದರೆ ನುಣುಪಾಗುತ್ತದೆ.

ಮುರಿಯದಿದ್ದರೂ ಏಳೆಂಟು ಗಂಟೆ ಹೊಲಿದ ಮೇಲೆ ಸೂಜಿ ಬದಲಿಸಿ. ಮೊಂಡಾದ ಸೂಜಿ ಬಟ್ಟೆಗೆ ಇಳಿಯುವಾಗ ಟಪ್ ಟಪ್ ಎನ್ನುತ್ತದೆ.

ಪ್ರಶ್ನೆ: ನಮ್ಮ ಕಡೆ ಹಳೆ ಸೀರಿ ಹಾಕಿ ಕೌದಿ ಹೊಲಿಯೋದು ಪದ್ಧತಿ. ಅವ್ವನ ನಾಲ್ಕು ಕಾಟನ್ ಸೀರಿ ಅದಾವ. ಕೌದಿಯಂಗ ಅಂಚಿನಿಂದ ಸುತ್ತಲೂ ಹೊಲಕೋತ ನಡುವಿಗೆ ಬಂದ್ರ, ನಡುವ ದೊಡ್ಡ ಗುಳ್ಳಿ ಎದ್ದು ಕೂತತಿ. ಕೈಲೆ ಹೊಲಿದಾಗ ಹಿಂಗ ಆಗಂಗಿಲ್ಲ. ಯಾಕ್ರೀ? — ಧಾರವಾಡ

ಉತ್ತರ: ಈ ಸಲದ ಪತ್ರಗಳಲ್ಲಿ ನಮಗೆ ಬಹಳ ಹಿಡಿಸಿದ ಪ್ರಶ್ನೆ ಇದು. ತಪ್ಪು ನಿಮ್ಮದಲ್ಲ, ಎರಡು ಕೆಲಸಗಳ ಸ್ವಭಾವವೇ ಬೇರೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯನ್ನು ನೋಡಿ. ಒಂದು ಮೂಲೆಯಿಂದ ಹಿಡಿದು ಅಂಚಿನಗುಂಟ ಸುತ್ತುತ್ತ ಒಳಕ್ಕೆ ಬರುತ್ತಾರೆ. ತುಂಡುಗಳನ್ನು ಮೊದಲೇ ಜೋಡಿಸಿಟ್ಟಿರುವುದಿಲ್ಲ. ಹೊಲಿಗೆ ಬಂದು ಮುಟ್ಟಿದಂತೆ ಒಂದೊಂದೇ ತುಂಡು ಇಟ್ಟು, ಅಂಚು ಮಡಿಸಿ, ಕೈಯಲ್ಲಿ ನೀವಿ, ಹೊಲಿಯುತ್ತಾರೆ. ಸಡಿಲು ಉಳಿಯುವುದಕ್ಕೆ ಅವಕಾಶವೇ ಇಲ್ಲ. ಉಳಿದರೂ ಮುಂದಿನ ತುಂಡಿನ ಮಡಿಕೆಯಲ್ಲಿ ಕರಗುತ್ತದೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಫುಲಾ ಇಟ್ಟರೆ ಕವಂದಿ ಮುಗಿಯಿತು. ಕೈಸೂಜಿ ಬಟ್ಟೆಯನ್ನು ಎತ್ತಿ ಪೋಣಿಸಿಕೊಳ್ಳುತ್ತದೆ, ಮುಂದಕ್ಕೆ ತಳ್ಳುವುದಿಲ್ಲ.

ಮೆಷಿನ್‌ನಲ್ಲಿ ಎಲ್ಲ ಪದರಗಳೂ ಮೊದಲೇ ಹಾಸಿ ಆಗಿರುತ್ತವೆ. ಫುಟ್ ಪ್ರತಿ ಟಾಕಾಕ್ಕೂ ಮೇಲಿನ ಪದರವನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ಸಾವಿರಾರು ಟಾಕಾ ಆದಮೇಲೆ ಆ ಕೂದಲೆಳೆಗಳೆಲ್ಲ ಕೂಡಿ ಬೆರಳಗಲದ ಸಡಿಲಾಗುತ್ತದೆ. ಅಂಚಿನಿಂದ ಒಳಕ್ಕೆ ಬಂದರೆ ಅದಕ್ಕೆ ಹೊರದಾರಿ ಇಲ್ಲ, ನಡುವೆ ಗುಳ್ಳೆಯಾಗುತ್ತದೆ. ಆದ್ದರಿಂದ ಮೆಷಿನ್ ಕೆಲಸ ನಡುವಿನಿಂದ ಹೊರಕ್ಕೆ. ಸಡಿಲು ಅಂಚಿಗೆ ಬಂದು ಅಲ್ಲಿ ಕತ್ತರಿಯ ಪಾಲಾಗುತ್ತದೆ. ಅದಕ್ಕೇ ಕೆಳಬಟ್ಟೆಯನ್ನೂ ಒಳಪದರವನ್ನೂ ನಾಲ್ಕೂ ಕಡೆ 8–10 ಸೆಂಟಿಮೀಟರ್ ಹೆಚ್ಚು ಇಟ್ಟುಕೊಳ್ಳುವುದು.

ಕೌದಿಯ ಸುತ್ತುಸಾಲಿನ ಚೆಲುವೇ ಬೇಕೆಂದರೆ ಅದಕ್ಕೂ ದಾರಿಯಿದೆ. ಮೊದಲು ಹಲ್ಲು ಏರಿಸಿಕೊಂಡು, ಮಾಮೂಲಿ ನೇರ ಹೊಲಿಗೆಯಲ್ಲಿ, ನಡುವಿನಿಂದ ಹೊರಕ್ಕೆ 20–25 ಸೆಂಟಿಮೀಟರಿಗೊಂದರಂತೆ ಅಡ್ಡ ಉದ್ದ ಗೆರೆ ಹಾಕಿ. ಪದರಗಳು ಅಲ್ಲಲ್ಲೇ ಕಟ್ಟಿಬಿದ್ದವು. ಇನ್ನು ಹಲ್ಲು ಇಳಿಸಿ ಅಂಚಿನಿಂದ ಒಳಕ್ಕೆ ಸುತ್ತಿದರೂ ಸಡಿಲು ಒಂದು ಚೌಕದಿಂದ ಇನ್ನೊಂದಕ್ಕೆ ದಾಟುವುದಿಲ್ಲ.

ಸೀರೆಯ ಮಾತು. ಎರಡೂ ಕೈಯ ಹೆಬ್ಬೆರಳುಗಳ ನಡುವೆ ಹಿಡಿದು ಜಗ್ಗಿ ನೋಡಿ. ಚರ್ ಎಂದರೆ ಅದು ಮೇಲ್ಪದರಕ್ಕೆ ಬೇಡ, ಒಳಗೆ ಹಾಕಿ. ಕೆಂಪು, ಕಡುನೀಲಿ ಸೀರೆಯಾದರೆ ಬಿಳಿ ಕರವಸ್ತ್ರ ಒದ್ದೆ ಮಾಡಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ, ನೀರು ತಿಳಿಯಾಗುವ ತನಕ ಬೇರೆಯಾಗಿ ಒಗೆದುಕೊಂಡೇ ಕತ್ತರಿಸಿ. ಉಪ್ಪಿನ ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬುದನ್ನು ನಂಬಬೇಡಿ, ನೇಯುವ ಮೊದಲೇ ಕೂರದ ಬಣ್ಣವನ್ನು ಅಡುಗೆ ಉಪ್ಪು ಕೂರಿಸುವುದಿಲ್ಲ. ಜರಿ ಅಂಚು ಬಿಚ್ಚಿ ತೆಗೆಯಿರಿ. ಸೂಜಿ ಅದನ್ನು ಕಡಿಯುತ್ತದೆ, ಕಡಿದ ಜರಿ ದಾರವನ್ನು ಕಡಿಯುತ್ತದೆ.

ಮೆಷಿನ್ ಹೊಲಿಗೆಯದು ಕೌದಿಯೇ ಅಲ್ಲ ಎನ್ನುವವರು ಇದ್ದೇ ಇರುತ್ತಾರೆ. ಅಮೆರಿಕದವರೂ ಹೀಗೇ ಮೂಗು ಮುರಿಯುತ್ತಿದ್ದರು. 1989ರಲ್ಲಿ ಕೆಂಟಕಿಯ ಪಡೂಕಾದ ಕ್ವಿಲ್ಟ್ ಪ್ರದರ್ಶನದಲ್ಲಿ ಮೊದಲ ಬಾರಿ ಮೆಷಿನ್‌ನಲ್ಲಿ ಕ್ವಿಲ್ಟ್ ಮಾಡಿದ್ದಕ್ಕೆ ಅತ್ಯುನ್ನತ ಬಹುಮಾನ ಬಂದಾಗ ದೊಡ್ಡ ಚರ್ಚೆಯೇ ಆಯಿತು.

ಪ್ರಶ್ನೆ: ವಿದೇಶಿ ಪುಸ್ತಕಗಳ ಗರಿ, ಬೆಣಚುಕಲ್ಲಿನ ವಿನ್ಯಾಸ ಸಾಕಾಗಿದೆ. ರಂಗೋಲಿಯನ್ನು ದಾರ ಕಡಿಯದೆ ಹೊಲಿಯಬಹುದೇ? — ಮೈಸೂರು

ಉತ್ತರ: ಚುಕ್ಕಿಗಳನ್ನು ಬಳಸಿ ಸುತ್ತಿ ಬರುವ ಎಳೆ ರಂಗೋಲಿ ಫ್ರೀ ಮೋಷನ್‌ಗೆಂದೇ ಹುಟ್ಟಿದಂತಿದೆ: ಕೈ ಎತ್ತುವಂತಿಲ್ಲ, ಹೊರಟಲ್ಲಿಗೇ ಬಂದು ಸೇರಬೇಕು. ಆದರೆ ಎಲ್ಲ ಎಳೆ ರಂಗೋಲಿಯೂ ಒಂದೇ ಎಳೆಯಲ್ಲ. 4 ಸಾಲು, ಸಾಲಿಗೆ 4 ಚುಕ್ಕಿ ಇಟ್ಟು ಎಲ್ಲ ಚುಕ್ಕಿಯನ್ನೂ ಬಳಸುವ ಸಾದಾ ಎಳೆ ಹಾಕಿ ನೋಡಿ, ನಾಲ್ಕು ಬೇರೆ ಬೇರೆ ಎಳೆಗಳು ಬರುತ್ತವೆ. ಅಂದರೆ ನಾಲ್ಕು ಸಲ ದಾರ ಕಡಿಯಬೇಕು. 4 ಸಾಲು, ಸಾಲಿಗೆ 5 ಚುಕ್ಕಿ ಇಡಿ, ಒಂದೇ ಎಳೆ! ಗುಟ್ಟು ಇಷ್ಟೇ: ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ, ಶಾಲೆಯಲ್ಲಿ ಮಸಾಅ ಎಂದು ಕಲಿತದ್ದು, ಎಷ್ಟೋ ಅಷ್ಟು ಎಳೆ. 3ಕ್ಕೆ 5, 5ಕ್ಕೆ 6, 4ಕ್ಕೆ 7 ಎಲ್ಲ ಒಂದೇ ಎಳೆ. 4ಕ್ಕೆ 6 ಆದರೆ ಎರಡು.

4ಕ್ಕೆ 5ರ ರಂಗೋಲಿಯನ್ನೇ ಹಿಡಿಯೋಣ. ಚುಕ್ಕಿಗೂ ಚುಕ್ಕಿಗೂ 3 ಸೆಂಟಿಮೀಟರ್ ಇಟ್ಟರೆ ಸುಮಾರು 15ಕ್ಕೆ 12 ಸೆಂಟಿಮೀಟರಿನ ವಿನ್ಯಾಸವಾಗುತ್ತದೆ, ಪಕ್ಕಪಕ್ಕದ ಓರೆ ಎಳೆಗಳ ನಡುವೆ ಎರಡು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಅಂತರ. ದಿಂಬಿನ ಕವರಿಗೆ, ಮೇಜಿನ ಹಾಸಿಗೆ ಇದು ಹದವಾದ ಒತ್ತು. ಎಳೆ ತನ್ನನ್ನು ತಾನೇ 31 ಕಡೆ ದಾಟುತ್ತದೆ, ಪ್ರತಿ ದಾಟೂ ಎರಡು ಚುಕ್ಕಿಗಳ ಸರಿಯಾದ ನಡುವಿಗೆ. ಅಲ್ಲೇ ಕೈ ತಪ್ಪುವುದು. ಅದಕ್ಕೆ ಚುಕ್ಕಿಗಳನ್ನು ಗುರುತು ಮಾಡುವ ಬದಲು ದಾಟುಗಳನ್ನು ಗುರುತು ಮಾಡಿಕೊಳ್ಳಿ. ಸೂಜಿ ಒಂದು ದಾಟಿನಿಂದ ಮುಂದಿನ ದಾಟಿಗೆ ಹೋಗುತ್ತಿದ್ದರೆ ಸಾಕು, ಬಳುಕು ತಾನಾಗಿ ಬರುತ್ತದೆ. ದಾಟಿನ ಮೇಲೆ ನಿಲ್ಲಬೇಡಿ. ನಿಂತರೆ ಟಾಕಾ ಒಂದರ ಮೇಲೊಂದು ಬಿದ್ದು ಗುಬುಟಾಗುತ್ತದೆ. ಕೈ ಸೋತು ನಿಲ್ಲಲೇಬೇಕಾದರೆ ಎರಡು ದಾಟುಗಳ ನಡುವೆ, ಸೂಜಿ ಬಟ್ಟೆಯೊಳಗೆ ಇಳಿದಿರುವಂತೆ ನಿಲ್ಲಿಸಿ.

ಗುರುತು ಹಾಕಲು: ಬಟರ್ ಪೇಪರಿನ ಮೇಲೆ ರಂಗೋಲಿ ಬರೆದು, ದಾರವಿಲ್ಲದ ಸೂಜಿಯಲ್ಲಿ ಅದರ ಮೇಲೆ ಹೊಲಿಯಿರಿ. ತೂತು ಬಿದ್ದ ಕಾಗದ ಬಟ್ಟೆಯ ಮೇಲಿಟ್ಟು, ಹತ್ತಿಯುಂಡೆಯಿಂದ ಚಾಕ್ ಪುಡಿ ಉಜ್ಜಿ. ರಂಗೋಲಿ ಪುಡಿಯನ್ನೇ ಉಜ್ಜೋಣ ಎನಿಸಬಹುದು. ಬೇಡ, ಅದು ಕಲ್ಲಿನ ಪುಡಿ, ಶಟಲ್‌ಗೆ ಸೇರಿದರೆ ಉಕ್ಕನ್ನೂ ಸವೆಸುತ್ತದೆ. ನೀರಿಗೆ ಹೋಗುವ ನೀಲಿ ಪೆನ್ ಬಳಸಿದರೆ ನೀರಲ್ಲಿ ನೆನೆಸುವ ಮೊದಲು ಇಸ್ತ್ರಿ ಹಾಕಬಾರದು, ಗೆರೆ ಕಾಯಂ ಆಗುತ್ತದೆ. ಇಸ್ತ್ರಿಯ ಬಿಸಿಗೆ ಮಾಯವಾಗುವ ಪೆನ್ನಿನ ಗೆರೆ ಚಳಿಗೆ ಮತ್ತೆ ಮೂಡಬಹುದು. ಚಳಿ ದೇಶದಲ್ಲಿರುವ ಮಗಳಿಗೆ ಕಳಿಸುವ ಕ್ವಿಲ್ಟಿಗೆ ಅದನ್ನು ಮುಟ್ಟಬೇಡಿ.

ಪ್ರಶ್ನೆ: ಒಳಗೆ ಏನು ಹಾಕಬೇಕು? ಗಾದಿ ಅಂಗಡಿಯ ಹತ್ತಿ ಆಗುತ್ತದೆಯೇ? ಬ್ಯಾಗಿಗೆ ಹಾಕುವ ಫೋಮ್? — ಬೆಂಗಳೂರು

ಉತ್ತರ: ಕಲಿಯಲು 100–120 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಪಾಲಿಯೆಸ್ಟರ್ ವ್ಯಾಡಿಂಗ್, ಮೀಟರ್ ಲೆಕ್ಕದಲ್ಲಿ ಕೊಳ್ಳಿ. 200ರದ್ದು ಉಬ್ಬಿ ಕಾಣುತ್ತದೆ ನಿಜ, ಆದರೆ ಫುಟ್ ಅದರಲ್ಲಿ ಹೂತುಕೊಳ್ಳುತ್ತದೆ, ಕೈ ಸರಿಯುವುದಿಲ್ಲ. ಪಾಲಿಯೆಸ್ಟರ್ ಒಳಗಿದ್ದರೆ ಮೇಲೆ ಕಾಟನ್ ಶಾಖದ ಇಸ್ತ್ರಿ ಬೇಡ. ಹೊದೆಯಲು ಹಿತವಾದದ್ದು ಹಾಳೆಯ ರೂಪದ ಹತ್ತಿ ವ್ಯಾಡಿಂಗ್. ಹೊಲಿಗೆ ಸಾಲುಗಳ ನಡುವೆ ಹೆಚ್ಚೆಂದರೆ ಎಷ್ಟು ಅಂತರ ಇರಬಹುದೆಂದು ಅದರ ಪೊಟ್ಟಣದ ಮೇಲೆ ಬರೆದಿರುತ್ತದೆ, ಅದನ್ನು ಮೀರಬೇಡಿ.

ಗಾದಿ ಹತ್ತಿ ಬಿಡಿ ಬಿಡಿ ಎಳೆ. ಎರಡು ಒಗೆತಕ್ಕೆ ಮೂಲೆ ಸೇರಿ ಉಂಡೆಯಾಗುತ್ತದೆ. ಹಾಕಲೇಬೇಕೆಂದರೆ ಎರಡು ಮಲ್ ಬಟ್ಟೆಗಳ ನಡುವೆ ತೆಳ್ಳಗೆ ಹರಡಿ, ಹೊಲಿಗೆಯ ಸಾಲುಗಳನ್ನು 5 ಸೆಂಟಿಮೀಟರಿಗಿಂತ ದೂರ ಬಿಡಬೇಡಿ. ಫೋಮ್ ಬ್ಯಾಗಿಗೇ ಇರಲಿ.

ಪ್ರಶ್ನೆ: ಸಿಂಗಲ್ ಕಾಟ್ ಅಳತೆಯ ಕ್ವಿಲ್ಟ್ ಮೆಷಿನ್ ತೋಳಿನ ಕೆಳಗೆ ಹಿಡಿಸುವುದೇ ಇಲ್ಲ. ದಾರ ಎಷ್ಟು ಬೇಕಾಗುತ್ತದೆ ಎಂಬ ಅಂದಾಜೂ ಸಿಗುತ್ತಿಲ್ಲ. — ದಾವಣಗೆರೆ

ಉತ್ತರ: 150ಕ್ಕೆ 225 ಸೆಂಟಿಮೀಟರಿನದನ್ನು ಮೂರು ಪಟ್ಟಿ ಮಾಡಿ, ಒಂದೊಂದು 50 ಸೆಂಟಿಮೀಟರ್ ಅಗಲ, ಹೊಲಿಗೆ ಅಂಚು ಬೇರೆ. ಪ್ರತಿ ಪಟ್ಟಿಯನ್ನೂ ಬೇರೆಬೇರೆಯಾಗಿ ಕ್ವಿಲ್ಟ್ ಮಾಡಿ, ಕೂಡುವ ಅಂಚಿನಲ್ಲಿ ನಾಲ್ಕು ಸೆಂಟಿಮೀಟರ್ ಹೊಲಿಯದೆ ಬಿಡಿ. ಆಮೇಲೆ ಮೇಲ್ಬಟ್ಟೆಗಳನ್ನಷ್ಟೇ ಮೆಷಿನ್‌ನಲ್ಲಿ ಕೂಡಿಸಿ, ವ್ಯಾಡಿಂಗ್‌ಗಳು ಒಂದರ ಮೇಲೊಂದು ಬಾರದೆ ತಾಗಿ ನಿಲ್ಲುವಂತೆ ಕತ್ತರಿಸಿ. ಕೆಳಬಟ್ಟೆಯ ಒಂದು ಅಂಚನ್ನು ಚಪ್ಪಟೆ ಹಾಸಿ, ಇನ್ನೊಂದನ್ನು ಮಡಿಸಿ ಅದರ ಮೇಲಿಟ್ಟು ಕೈಯಲ್ಲಿ ಹೆಮ್ಮಿಂಗ್ ಮಾಡಿ. ಬಿಟ್ಟ ಜಾಗವನ್ನು ಕೊನೆಗೆ ತುಂಬಿ.

ದಾರದ ಲೆಕ್ಕ: ಗೆರೆಗಳ ನಡುವೆ 2 ಸೆಂಟಿಮೀಟರ್ ಇದ್ದರೆ ಚದರ ಮೀಟರಿಗೆ 50 ಮೀಟರ್ ಗೆರೆ. ನಿಮ್ಮ ಕ್ವಿಲ್ಟ್ ಸುಮಾರು 3.4 ಚದರ ಮೀಟರ್, ಅಂದರೆ 170 ಮೀಟರ್ ಗೆರೆ. ಒಂದು ಮೀಟರ್ ಗೆರೆಗೆ ಮೇಲೆ ಒಂದೂವರೆ, ಕೆಳಗೆ ಒಂದೂವರೆ ಮೀಟರ್ ದಾರ ಹಿಡಿಯಿರಿ. ಒಂದೊಂದು ಕಡೆಗೂ 250 ಮೀಟರಿನ ಮೇಲೆ ಬೇಕು. ಸಣ್ಣ ರೀಲು ತಂದು ಅರ್ಧದಲ್ಲಿ ಬಣ್ಣ ಸಿಗದೆ ಒದ್ದಾಡಬೇಡಿ. ಐದಾರು ಬಾಬಿನ್ ಮೊದಲೇ ಸುತ್ತಿಟ್ಟುಕೊಳ್ಳಿ.

ಪಿನ್ ನಾಲ್ಕು ಇಂಚಿಗೊಂದು ಹಾಕಿ. ಇಡೀ ಕ್ವಿಲ್ಟಿಗೆ ಮುನ್ನೂರರ ಮೇಲೆ ಬೇಕಾಗುತ್ತದೆ. ಅಷ್ಟು ಇಲ್ಲದಿದ್ದರೆ ಕಚ್ಚಾ ಹೊಲಿಗೆ ಹಾಕಿ.

ಪ್ರಶ್ನೆ: ನನ್ನ ಮೆಷಿನ್ ಊರಲ್ಲಿರುವ ಅಮ್ಮನಿಗೆ ಕೊಡಬೇಕೆಂದಿದ್ದೇನೆ. ಪ್ಲಗ್ ಬದಲಿಸಿದರೆ ಸಾಕೇ? — ಆಸ್ಟಿನ್, ಟೆಕ್ಸಾಸ್

ಉತ್ತರ: ಮೆಷಿನ್ ಮೇಲಿನ ಪಟ್ಟಿ ಓದಿ. 100–240 ವೋಲ್ಟ್ ಎಂದಿದ್ದರೆ ಪ್ಲಗ್ ಸಾಕು. ಬರೀ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ಹಾಕಿದ ಕ್ಷಣ ಸುಟ್ಟುಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಪಟ್ಟಿಯಲ್ಲಿ ಬರೆದ ವ್ಯಾಟ್‌ನ ಎರಡರಷ್ಟು ಸಾಮರ್ಥ್ಯದ್ದು ತೆಗೆದುಕೊಳ್ಳಿ, ಪ್ರವಾಸಿಗರಿಗೆ ಮಾರುವ ಹಗುರ ಕನ್ವರ್ಟರ್ ಬೇಡ. ಜೊತೆಗೆ ಆ ಮೆಷಿನ್‌ನದೇ ಹತ್ತು ಬಾಬಿನ್ ಕೊಟ್ಟು ಕಳಿಸಿ. ನೋಡಲು ಒಂದೇ ಥರ ಇದ್ದು ಅರ್ಧ ಮಿಲಿಮೀಟರ್ ವ್ಯತ್ಯಾಸವಿರುವ ಬಾಬಿನ್ ಹಾಕಿದರೆ ಅಮ್ಮ ನಮಗೇ ಪತ್ರ ಬರೆಯಬೇಕಾಗುತ್ತದೆ.

ಪ್ರಶ್ನೆ: ಮೆಷಿನ್‌ಗೆ ಕೊಬ್ಬರಿ ಎಣ್ಣೆ ಬಿಡಬಹುದೇ? — ಉಡುಪಿ

ಉತ್ತರ: ಬೇಡವೇ ಬೇಡ, ಒಳಗೆ ಅಂಟಾಗಿ ಹೆಪ್ಪುಗಟ್ಟುತ್ತದೆ. ಮೆಷಿನ್ ಎಣ್ಣೆಯೇ ಆಗಬೇಕು. ಫ್ರೀ ಮೋಷನ್‌ನಲ್ಲಿ ಬಟ್ಟೆಯ ಧೂಳು ವಿಪರೀತ ಬೀಳುತ್ತದೆ. ಎರಡು ಮೂರು ಬಾಬಿನ್ ಮುಗಿದಾಗೊಮ್ಮೆ ಪ್ಲೇಟ್ ಬಿಚ್ಚಿ ಬ್ರಷ್‌ನಿಂದ ಗುಡಿಸಿ, ನಿಮ್ಮ ಮೆಷಿನ್ ಎಣ್ಣೆ ಬೇಡುವಂಥದ್ದಾದರೆ ಶಟಲ್ ಓಡುವ ಜಾಗಕ್ಕೆ ಒಂದೇ ತೊಟ್ಟು ಬಿಡಿ. ಮೊದಲ ಹತ್ತು ಟಾಕಾ ಚಿಂದಿ ಬಟ್ಟೆಯ ಮೇಲೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಅರ್ಧ ಮುಗಿದ ಕ್ವಿಲ್ಟಿನಲ್ಲಿ ಸೇಫ್ಟಿ ಪಿನ್ ಬಿಟ್ಟು ಮಡಿಸಿಡಬೇಡಿ, ತುಕ್ಕಿನ ಕಲೆ ಹೋಗುವುದಿಲ್ಲ.

ಪ್ರಶ್ನೆ: ಕಾಲಲ್ಲಿ ತುಳಿಯುವ ಮೆಷಿನ್‌ನಲ್ಲಿ ಆಗುತ್ತದೆಯೇ? ಕೈಯಲ್ಲಿ ತಿರುಗಿಸುವುದರಲ್ಲಿ? — ಚಾಮರಾಜನಗರ

ಉತ್ತರ: ತುಳಿಯುವುದರಲ್ಲಿ ಚೆನ್ನಾಗಿಯೇ ಆಗುತ್ತದೆ. ಕಾಲಿನ ಲಯ ಒಮ್ಮೆ ಕೂತರೆ ಅಗ್ಗದ ಮೋಟಾರಿನ ಪೆಡಲ್‌ಗಿಂತ ಸಮನಾದ ಟಾಕಾ ಬರುತ್ತದೆ. ನಿಲ್ಲಿಸಿ ಮತ್ತೆ ಶುರು ಮಾಡುವಾಗ ಚಕ್ರ ಹಿಂದಕ್ಕೆ ತಿರುಗಿದರೆ ಮಾತ್ರ ದಾರ ಹರಿಯುತ್ತದೆ, ಬಲಗೈಯಲ್ಲಿ ಒಂದು ಸುತ್ತು ಮುಂದಕ್ಕೆ ತಿರುಗಿಸಿ ತುಳಿಯಿರಿ. ಕೈಮೆಷಿನ್ ಆಗದು, ಬಟ್ಟೆ ಸರಿಸಲು ಎರಡು ಕೈ ಬೇಕು, ತಿರುಗಿಸಲು ಮೂರನೆಯದು ಎಲ್ಲಿಂದ ತರುವುದು?